ತೂಕದ ಪಟ್ಟಿಯೂ ಮುಪ್ಪಿನ ಬಲವೂ

ಮನುಷ್ಯನನ್ನು ತಕ್ಕಡಿಯಲ್ಲಿ ಕುಳ್ಳಿರಿಸಿ ತೂಗುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. ಹಂಪೆಯಲ್ಲಿ ವಿಠ್ಠಲ ದೇವಾಲಯದ ಸಮೀಪದಲ್ಲಿ ಇಂದಿಗೂ ನಿಂತಿರುವ ಶಿಲಾತೋರಣವನ್ನು ಜನರು ಅರಸರ ತುಲಾಭಾರದ ಕಂಬಗಳೆಂದು ತೋರಿಸುತ್ತಾರೆ. ಉಡುಪಿಯ ಕೃಷ್ಣಮಠದಲ್ಲಿ ಹರಕೆ ಹೊತ್ತವರು ಬೆಲ್ಲಕ್ಕೋ ಅಕ್ಕಿಗೋ ಸಮನಾಗಿ ತೂಗಿಸಿಕೊಳ್ಳುವುದು ಈಗಲೂ ನಡೆದುಬಂದಿದೆ. ಆದರೆ ಆ ತಕ್ಕಡಿಯಲ್ಲಿ ಭಾರವು ದೋಷವೆನಿಸಿರಲಿಲ್ಲ. ಅರಸನು ಸ್ಥೂಲಕಾಯನಾದಷ್ಟೂ ದಾನ ಹಿಡಿಯುವವರಿಗೆ ಅನುಕೂಲವೇ. ಮನುಷ್ಯನ ತೂಕವನ್ನು ಅವನ ಆಯುಷ್ಯದೊಡನೆ ಗಂಟುಹಾಕಿ, ಇಷ್ಟು ಎತ್ತರಕ್ಕೆ ಇಷ್ಟು ಭಾರವೇ ಸಲ್ಲತಕ್ಕದ್ದೆಂದು ಪಟ್ಟಿ ಬರೆದು, ಆ ಪಟ್ಟಿಗೆ ಹೊಂದದವನನ್ನು ಅರ್ಧ ರೋಗಿಯೆಂದೂ ಅರ್ಧ ಅಪರಾಧಿಯೆಂದೂ ಕಾಣುವ ವಾಡಿಕೆಯಾದರೋ ತೀರ ಈಚಿನದು. ಅದು ಹುಟ್ಟಿದ್ದು ವೈದ್ಯನ ಮನೆಯಲ್ಲಿಯೂ ಅಲ್ಲ. ಒಂದು ಪಾಲು ಖಗೋಳಶಾಸ್ತ್ರಜ್ಞನೊಬ್ಬನ ಮೇಜಿನ ಮೇಲೆ, ಮಿಕ್ಕ ಪಾಲು ವಿಮಾಸಂಸ್ಥೆಗಳ ಲೆಕ್ಕದ ಕೋಣೆಗಳಲ್ಲಿ. ಈ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಿದವನಿಗೆ, ಅರವತ್ತು ದಾಟಿದವರ ಮೇಲೆ ಆ ಪಟ್ಟಿಯನ್ನು ಹೇರುವುದು ಎಷ್ಟರಮಟ್ಟಿಗೆ ನ್ಯಾಯವೆಂಬ ಸಂಶಯ ಹುಟ್ಟದೆ ಇರದು.

ಹಾಗೆಂದು ನಮ್ಮ ಪೂರ್ವಿಕರು ಸ್ಥೌಲ್ಯವನ್ನು ಕೊಂಡಾಡುತ್ತಿದ್ದರೆಂದು ತಿಳಿಯತಕ್ಕದ್ದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ನಿಂದ್ಯವಾದ ಎಂಟು ಬಗೆಯ ಶರೀರಗಳನ್ನು ಎಣಿಸಿ, ಅವುಗಳಲ್ಲಿ ಅತಿಸ್ಥೂಲ, ಅತಿಕೃಶ ಎಂಬ ಎರಡನ್ನು ವಿಶೇಷವಾಗಿ ವಿಚಾರಕ್ಕೆ ತೆಗೆದುಕೊಂಡು, ಸ್ಥೂಲನಿಗೆ ಆಯುಷ್ಯದ ಹ್ರಾಸ, ಚಲನೆಯ ಮಾಂದ್ಯ, ದೌರ್ಬಲ್ಯ, ದುರ್ಗಂಧ, ಅತಿಯಾದ ಬೆವರು, ಹಸಿವು, ಬಾಯಾರಿಕೆ ಮೊದಲಾದ ದೋಷಗಳನ್ನು ಹೇಳಿದೆ. ಎರಡರಲ್ಲಿ ಒಂದನ್ನು ಆರಿಸಲೇಬೇಕಾಗಿ ಬಂದರೆ ಕಾರ್ಶ್ಯವೇ ಲೇಸೆಂದೂ ತೀರ್ಮಾನಿಸಿದೆ. ಆದರೆ ಪ್ರಶಸ್ತವಾದ ದೇಹದ ಲಕ್ಷಣವನ್ನು ಅದೇ ಅಧ್ಯಾಯದಲ್ಲಿ ನಿರೂಪಿಸುವಾಗ ಗ್ರಂಥಕರ್ತನು ತಕ್ಕಡಿಯ ಮಾತನ್ನೇ ಎತ್ತುವುದಿಲ್ಲ. ಮಾಂಸವು ಸಮಪ್ರಮಾಣದಲ್ಲಿದ್ದು, ಅವಯವಗಳು ಬಿಗಿಯಾಗಿ ಹೊಂದಿಕೊಂಡು, ಇಂದ್ರಿಯಗಳು ದೃಢವಾಗಿದ್ದು, ಹಸಿವು ಬಾಯಾರಿಕೆಗಳನ್ನೂ ಬಿಸಿಲು ಚಳಿಗಳನ್ನೂ ವ್ಯಾಯಾಮದ ಶ್ರಮವನ್ನೂ ಯಾವನು ಸಹಿಸಬಲ್ಲನೋ ಅವನೇ ರೋಗಕ್ಕೆ ಸುಲಭವಾಗಿ ವಶನಾಗದವನು ಎಂಬುದು ಅವನ ಮಾತಿನ ತಾತ್ಪರ್ಯ. ನಮ್ಮ ಗರಡಿಮನೆಗಳಲ್ಲಿಯೂ ಉಸ್ತಾದನು ಹುಡುಗನ ಬಸ್ಕಿಯನ್ನೂ ದಂಡವನ್ನೂ ಎಣಿಸಿದನು. ಮಟ್ಟಿಯಲ್ಲಿ ಎಷ್ಟು ಹೊತ್ತು ದಮ್ಮು ಕಟ್ಟಿ ನಿಂತಾನೆಂಬುದನ್ನು ನೋಡಿದನು. ಈ ಎಣಿಕೆಯ ರೀತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಐರೋಪ್ಯ ದೇಶಗಳಲ್ಲಿಯೂ ತೂಕವು ಮೊದಮೊದಲು ಕುತೂಹಲದ ವಸ್ತುವಾಗಿದ್ದಿತೇ ಹೊರತು ಶಾಸನದ ವಸ್ತುವಾಗಿರಲಿಲ್ಲ. ಇಟಲಿಯ ಪಾಡುವಾದಲ್ಲಿ ವೈದ್ಯಶಾಸ್ತ್ರವನ್ನು ಬೋಧಿಸುತ್ತಿದ್ದ ಸಾಂಟೋರಿಯೊ ಎಂಬ ಪಂಡಿತನು ತಕ್ಕಡಿಯ ದಂಡಕ್ಕೆ ಕುರ್ಚಿಯೊಂದನ್ನು ತೂಗುಹಾಕಿ, ಅದರಲ್ಲಿ ಕುಳಿತೇ ಉಂಡು, ತಿಂದದ್ದನ್ನೂ ಕುಡಿದದ್ದನ್ನೂ ವಿಸರ್ಜಿಸಿದ್ದನ್ನೂ ಸುಮಾರು ಮೂವತ್ತು ವರ್ಷಗಳ ಕಾಲ ತೂಗಿ ನೋಡಿ, ತನ್ನ ಅನುಭವವನ್ನು 1614ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ವ್ಯತ್ಯಾಸವು ಕಣ್ಣಿಗೆ ಕಾಣದ ಬೆವರಾಗಿ ಹೋಗುತ್ತದೆಂದು ತೋರಿಸುವುದಷ್ಟೇ ಆತನ ಉದ್ದೇಶ. ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯ ಕಾಫಿ ಮತ್ತು ಮದ್ಯದ ಅಂಗಡಿಯೊಂದರಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ 1765ರಿಂದ ಗಿರಾಕಿಗಳನ್ನು ಕೂರಿಸಿ ತೂಗಿ ಪುಸ್ತಕದಲ್ಲಿ ಬರೆದಿಡುವ ಸಂಪ್ರದಾಯ ಬೆಳೆಯಿತು. ಕವಿ ಬೈರನ್ನನ ತೂಕವೂ ಆ ಪುಸ್ತಕದಲ್ಲಿದೆ. ಕೊಬ್ಬುವ ಭಯದಿಂದ ಆಗಾಗ್ಗೆ ಉಪವಾಸ ಬೀಳುತ್ತಿದ್ದ ಆ ಕವಿಗೂ ಸಹ, ತನ್ನ ಎತ್ತರಕ್ಕೆ ಎಷ್ಟು ಭಾರ ನ್ಯಾಯವೆಂದು ಹೇಳುವ ಅಧಿಕೃತ ಪಟ್ಟಿಯೊಂದು ಲೋಕದಲ್ಲಿರಲಿಲ್ಲ.

ಅಂಥ ಪಟ್ಟಿಗೆ ಬೀಜವನ್ನು ಬಿತ್ತಿದವನು ಬೆಲ್ಜಿಯಮ್ ದೇಶದ ಅಡಾಲ್ಫ್ ಕೆಟ್ಲೆ. 1796ರಲ್ಲಿ ಘೆಂಟ್ ನಗರದಲ್ಲಿ ಹುಟ್ಟಿ, ಬ್ರಸೆಲ್ಸಿನ ವೀಕ್ಷಣಾಲಯಕ್ಕೆ ಮುಖ್ಯಸ್ಥನಾಗಿದ್ದ ಈತನಿಗೆ, ನಕ್ಷತ್ರಗಳ ಸ್ಥಾನವನ್ನು ಹಲವು ಸಲ ಅಳೆದು ತಪ್ಪುಗಳನ್ನು ಸರಾಸರಿಯಲ್ಲಿ ಕರಗಿಸುವ ಗಣಿತವು ಕರತಲಾಮಲಕವಾಗಿದ್ದಿತು. ಆ ಗಣಿತವನ್ನೇ ಮನುಷ್ಯರಿಗೂ ಅನ್ವಯಿಸಿದರೆ ಮಾನವಕುಲದ ನಡುವಿನಲ್ಲಿ ಒಬ್ಬ ಸರಾಸರಿ ಮನುಷ್ಯನು ಗೋಚರಿಸಿಯಾನೆಂಬ ಆಸೆಯಿಂದ ಅವನು ಎತ್ತರ, ತೂಕ, ಬಲ, ವಿವಾಹ, ಅಪರಾಧ ಮೊದಲಾದ ಸಮಸ್ತವನ್ನೂ ಎಣಿಸಹೊರಟನು. 1835ರಲ್ಲಿ ಹೊರಬಂದ ಅವನ ಮಹಾಗ್ರಂಥದಲ್ಲಿ, ಬೆಳೆದು ನಿಂತ ಮನುಷ್ಯರಲ್ಲಿ ತೂಕವು ಹೆಚ್ಚುಕಡಿಮೆ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬ ಒಂದು ನಿಯಮವಿದೆ. ಯಾರು ದಪ್ಪ, ಯಾರು ತೆಳು, ಯಾರು ಬೇಗ ಸಾಯುವರು ಎಂಬ ಪ್ರಶ್ನೆಗಳು ಆ ನಿಯಮವನ್ನು ಬರೆದವನ ಚಿತ್ತದಲ್ಲಿ ಇರಲಿಲ್ಲ. ಅವನಿಗೆ ಬೇಕಾಗಿದ್ದುದು ಗುಂಪಿನ ಆಕಾರ. ಗುಂಪಿನಿಂದ ಒಬ್ಬನನ್ನು ಹೊರಗೆಳೆದು ತೀರ್ಪು ಹೇಳುವ ಕೆಲಸವನ್ನು ಮುಂದಿನವರು ಅವನ ಹೆಸರಿನಲ್ಲಿ ಮಾಡಿದರು.

ಅದೇ 1796ರಲ್ಲಿ ಹುಟ್ಟಿದ ಇನ್ನೊಬ್ಬನನ್ನು ಇಲ್ಲಿ ನೆನೆಯದೆ ಮುಂದುವರಿಯಲಾರೆ. ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನ ಗೃಹಸ್ಥನದು ಶವಸಂಸ್ಕಾರದ ಏರ್ಪಾಡು ಮಾಡುವ ಮನೆತನ. ರಾಜರ, ಸೇನಾನಿಗಳ ಅಂತ್ಯಯಾತ್ರೆಯನ್ನು ನಡೆಸಿಕೊಟ್ಟ ಕೀರ್ತಿ ಆ ಮನೆತನಕ್ಕಿತ್ತು. ಐದು ಅಡಿ ಐದು ಅಂಗುಲದ ಆತನು ಅರವತ್ತಾರನೆಯ ವಯಸ್ಸಿಗೆ 202 ಪೌಂಡು ತೂಗುತ್ತಿದ್ದನು. ವೈದ್ಯನೊಬ್ಬನು ವಿಧಿಸಿದ ಪಥ್ಯದಂತೆ ರೊಟ್ಟಿ, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಟ್ಟು ಒಂದು ವರ್ಷದಲ್ಲಿ ಸುಮಾರು 46 ಪೌಂಡು ಇಳಿಸಿಕೊಂಡು, 1863ರಲ್ಲಿ ಲೋಕಕ್ಕೆ ಉಪಕಾರವಾಗಲೆಂದು ಸ್ವಂತ ಖರ್ಚಿನಲ್ಲಿ ಚಿಕ್ಕ ಪುಸ್ತಿಕೆಯೊಂದನ್ನು ಅಚ್ಚುಹಾಕಿಸಿದನು. ಆ ಪುಸ್ತಿಕೆಯು ಪಥ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾದದ್ದೇನೋ ಸರಿ; ನನ್ನ ಗಮನವನ್ನು ಸೆಳೆಯುವುದು ಮಾತ್ರ ಅವನ ದೂರಿನ ಸ್ವರೂಪ. ಬಗ್ಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲಾರದೆ ಹೋದದ್ದು, ಮಂಡಿಗಳಿಗೆ ಆಘಾತವಾಗದಿರಲೆಂದು ಮಹಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಮೆಲ್ಲಮೆಲ್ಲನೆ ಇಳಿಯಬೇಕಾಗಿ ಬಂದದ್ದು — ಇವು ಅವನ ಸಂಕಟಗಳು. ಮೆಟ್ಟಿಲನ್ನು ನೇರವಾಗಿ ಇಳಿಯತೊಡಗಿದ್ದೇ ಅವನ ಸಂಭ್ರಮ. ಅವನು ಎಂಬತ್ತೊಂದು ವರ್ಷ ಬಾಳಿದನು. ವೃದ್ಧಾಪ್ಯದ ಸ್ಥೌಲ್ಯವನ್ನು ಕುರಿತು ಬರೆದ ಮೊದಲಿಗರಲ್ಲೊಬ್ಬನಾದ ಈ ಮುದುಕನು ಪೌಂಡುಗಳನ್ನು ಎಣಿಸಿದರೂ ಕೈಕಾಲುಗಳ ಸ್ವಾತಂತ್ರ್ಯವನ್ನೇ ಫಲವೆಂದು ಗಣಿಸಿದ್ದನ್ನು ಅವನ ಶಿಷ್ಯಕೋಟಿ ಮರೆತುಬಿಟ್ಟಿತು.

ಇನ್ನು ವಿಮೆಯ ವಿಚಾರ. ಜೀವವಿಮೆಯ ವ್ಯಾಪಾರದ ಗುಟ್ಟೆಲ್ಲಾ ಯಾರು ಬೇಗ ಸತ್ತಾರು ಎಂಬುದನ್ನು ಮುಂಗಂಡು, ಅಂಥವರಿಂದ ಕಂತನ್ನು ಹೆಚ್ಚಿಗೆ ವಸೂಲು ಮಾಡುವುದರಲ್ಲಿದೆ. ಈ ಮುಂಗಾಣ್ಕೆಯು ಎಷ್ಟು ಒರಟಾಗಿರಬಲ್ಲದೆಂಬುದಕ್ಕೆ ನಮ್ಮ ದೇಶವೇ ಸಾಕ್ಷಿ: ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿದ್ದ ಆಂಗ್ಲ ಸಂಸ್ಥೆಗಳು ಭಾರತೀಯರ ಜೀವಗಳನ್ನು ಕೆಳದರ್ಜೆಯವೆಂದು ಗಣಿಸಿ ಅಧಿಕ ಕಂತನ್ನು ಹೇರುತ್ತಿದ್ದವು, 1870ರಲ್ಲಿ ಸ್ಥಾಪಿತವಾದ ಬಾಂಬೆ ಮ್ಯೂಚುಯಲ್ ಸಂಸ್ಥೆಯು ಸಾಮಾನ್ಯ ದರದಲ್ಲಿಯೇ ಭಾರತೀಯರಿಗೆ ವಿಮೆ ಕೊಟ್ಟು ಆ ಪದ್ಧತಿಯನ್ನು ಮುರಿಯಿತು, ಮೈಸೂರು ಸಂಸ್ಥಾನವು 1891ರಲ್ಲಿ ತನ್ನ ನೌಕರರಿಗಾಗಿ ಸರ್ಕಾರದ ವತಿಯಿಂದಲೇ ಜೀವವಿಮೆಯನ್ನು ಏರ್ಪಡಿಸಿತು. ಅತ್ತ ಅಮೆರಿಕದಲ್ಲಿ ಚರ್ಮದ ಬಣ್ಣ, ಉದ್ಯೋಗ, ತಂದೆತಾಯಿಗಳ ಆಯುಷ್ಯ ಇವುಗಳ ಸಾಲಿನಲ್ಲಿ ಮೈಕಟ್ಟಿನ ಅಂಕಣವೂ ಸೇರಿಕೊಂಡಿತು, ಏಕೆಂದರೆ ತಕ್ಕಡಿಯು ಅಗ್ಗವಾದ ಉಪಕರಣ. ರಕ್ತದೊತ್ತಡ ಅಳೆಯುವ ಯಂತ್ರ ಬರುವುದಕ್ಕೆ ಮುಂಚೆ ವೈದ್ಯನ ಕೈಗೆ ಸಿಕ್ಕಿದ ಸುಲಭವಾದ ಸಂಖ್ಯೆಯೆಂದರೆ ಅದೇ. ಹಲವು ಸಂಸ್ಥೆಗಳು ಕೂಡಿ ತಮ್ಮ ಲಕ್ಷಾಂತರ ಪಾಲಿಸಿಗಳನ್ನು ಪರಿಶೋಧಿಸಿ 1912ರಿಂದ ಮುಂದಕ್ಕೆ ಪ್ರಕಟಿಸಿದ ಸಂಪುಟಗಳಲ್ಲಿ ಒಂದು ಸ್ವಾರಸ್ಯವಾದ ಸಂಗತಿ ಇದೆ: ಎಳೆಯ ವಯಸ್ಸಿನವರಲ್ಲಿ ಸ್ವಲ್ಪ ಮೈತುಂಬಿಕೊಂಡವರೇ ಹೆಚ್ಚು ಬಾಳುತ್ತಿದ್ದರು. ಕ್ಷಯರೋಗವು ತರುಣರನ್ನು ಕೊಂಡೊಯ್ಯುತ್ತಿದ್ದ ಕಾಲವದು. ಯಾವ ವಯಸ್ಸಿಗೆ ಎಷ್ಟು ತೂಕ ಹಿತವೆಂಬುದು ಆಯಾ ಕಾಲದ ಮೃತ್ಯುವಿನ ಸ್ವರೂಪವನ್ನು ಅವಲಂಬಿಸಿದೆ ಎಂದು ಅಂದೇ ಊಹಿಸಬಹುದಾಗಿತ್ತು.

ಊಹಿಸಲಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಲೈಫ್ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞನಾಗಿದ್ದ ಲೂಯಿ ಡಬ್ಲಿನ್, ಲಿಥುವೇನಿಯಾದಿಂದ ವಲಸೆ ಬಂದ ಕುಟುಂಬದವನು, ಬುದ್ಧಿವಂತ, ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ನಿಜವಾದ ಕಳಕಳಿಯುಳ್ಳವನು. ವಯಸ್ಸು ಏರಿದಂತೆ ಜನರ ತೂಕವೂ ಏರುವುದು ಲೋಕರೂಢಿಯಾದರೂ ಆ ಏರಿಕೆಯು ಹಿತವಲ್ಲವೆಂದೂ, ಇಪ್ಪತ್ತೈದರ ಸುಮಾರಿನಲ್ಲಿ ಇದ್ದ ತೂಕವನ್ನೇ ಜೀವಮಾನವಿಡೀ ಕಾಪಾಡಿಕೊಳ್ಳಬೇಕೆಂದೂ ಅವನು ಪ್ರತಿಪಾದಿಸಿದನು. ಇದರ ಫಲವಾಗಿ 1942ರಲ್ಲಿ ಸ್ತ್ರೀಯರಿಗೂ 1943ರಲ್ಲಿ ಪುರುಷರಿಗೂ ‘ಆದರ್ಶ ತೂಕ’ದ ಪಟ್ಟಿಗಳು ಪ್ರಕಟವಾದವು. ಸರಾಸರಿಯ ಸ್ಥಾನದಲ್ಲಿ ಆದರ್ಶವು ಬಂದು ಕುಳಿತದ್ದು ಸಾಮಾನ್ಯವಾದ ಪಲ್ಲಟವಲ್ಲ. ಪಟ್ಟಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಬಗೆಯ ಮೈಕಟ್ಟುಗಳನ್ನು ಕಾಣಿಸಲಾಗಿತ್ತು. ಯಾರದು ಯಾವ ಬಗೆ ಎಂದು ನಿಶ್ಚಯಿಸುವ ಮಾನದಂಡವನ್ನು ಮಾತ್ರ ಕೊಟ್ಟಿರಲಿಲ್ಲ. ತೂಕವು ಉಡುಪಿನ ಸಮೇತ, ಎತ್ತರವು ಬೂಟಿನ ಸಮೇತ. ವಿಮೆಗೆ ಅರ್ಜಿ ಹಾಕಿದವರಾದರೋ ಬಹುಪಾಲು ಬಿಳಿಯರು, ಕಂತು ಕಟ್ಟಬಲ್ಲ ಮಧ್ಯಮವರ್ಗದವರು. ಕೆಲವರು ತಕ್ಕಡಿ ಹತ್ತದೆ ಬಾಯಿಮಾತಿನಲ್ಲಿಯೇ ತೂಕ ಹೇಳಿದವರು. ನಮ್ಮ ರೈಲ್ವೆ ನಿಲ್ದಾಣಗಳಲ್ಲಿ ಬಣ್ಣದ ದೀಪಗಳು ಮಿನುಗುವ ತೂಕದ ಯಂತ್ರವೊಂದು ಇರುತ್ತಿದ್ದಿತಷ್ಟೆ. ನಾಣ್ಯ ಹಾಕಿದರೆ ಒಂದು ಮಗ್ಗುಲಲ್ಲಿ ತೂಕವನ್ನೂ ಇನ್ನೊಂದು ಮಗ್ಗುಲಲ್ಲಿ ಭವಿಷ್ಯವನ್ನೂ ಮುದ್ರಿಸಿದ ಚೀಟಿಯನ್ನು ಉದುರಿಸುತ್ತಿದ್ದ ಆ ಯಂತ್ರಕ್ಕೂ ಮೆಟ್ರೊಪಾಲಿಟನ್ ಪಟ್ಟಿಗೂ ನಾನು ತಿಳಿದಮಟ್ಟಿಗೆ ಸ್ವಭಾವದಲ್ಲಿ ಹೆಚ್ಚಿನ ಅಂತರವಿಲ್ಲ, ಗಾಂಭೀರ್ಯದಲ್ಲಿ ಮಾತ್ರ ಇದೆ.

1959ರಲ್ಲಿ ಇಪ್ಪತ್ತಾರು ಸಂಸ್ಥೆಗಳ ಸುಮಾರು 49 ಲಕ್ಷ ಪಾಲಿಸಿಗಳ ಆಧಾರದ ಮೇಲೆ ಪಟ್ಟಿಯನ್ನು ಹೊಸದಾಗಿ ಬರೆದು, ಆದರ್ಶವೆಂಬ ಪದವನ್ನು ಬಿಟ್ಟು ‘ಅಪೇಕ್ಷಣೀಯ’ವೆಂದು ಕರೆದರು. 1983ರಲ್ಲಿ ಮತ್ತೊಮ್ಮೆ ತಿದ್ದಿ, ಬಹುಪಾಲು ಎತ್ತರಗಳಿಗೆ ಕೆಲವು ಪೌಂಡುಗಳನ್ನು ಸಡಿಲಬಿಟ್ಟು, ಮೊಣಕೈಯ ಅಗಲದಿಂದ ಮೈಕಟ್ಟನ್ನು ಅಳೆಯುವ ಉಪಾಯವನ್ನು ಸೇರಿಸಿದರು. ಈ ಕೊನೆಯ ಪಟ್ಟಿಯ ತಲೆಯ ಮೇಲೆ ಅದು ಇಪ್ಪತ್ತೈದರಿಂದ ಐವತ್ತೊಂಬತ್ತು ವರ್ಷದವರಿಗೆ ಅನ್ವಯಿಸತಕ್ಕದ್ದೆಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಅರವತ್ತು ತುಂಬಿದವನು ಆ ಲೆಕ್ಕದಲ್ಲಿ ಇರಲೇ ಇಲ್ಲ. ಆದರೆ ಗೋಡೆಗೆ ಅಂಟಿಸಿದ ಪಟ್ಟಿಯ ತಲೆಬರಹವನ್ನು ಓದುವ ವ್ಯವಧಾನ ಯಾರಿಗಿರುತ್ತದೆ? ಎಪ್ಪತ್ತರ ಅಜ್ಜಿಯನ್ನೂ ಅದೇ ಸಾಲಿಗೆ ನಿಲ್ಲಿಸಿ ಎಂಟು ಕಿಲೋ ಹೆಚ್ಚಿಗೆ ಇದ್ದೀರಿ ಎಂದು ಗದರಿಸುವುದು ವೈದ್ಯಶಾಲೆಗಳ ನಿತ್ಯವಿಧಿಯಾಯಿತು.

ಈ ನಡುವೆ ಕೆಟ್ಲೆಯ ಮರೆತುಹೋದ ನಿಯಮಕ್ಕೆ ಪುನರ್ಜನ್ಮ ದೊರೆಯಿತು. ಮಿನೆಸೋಟಾದ ಶರೀರವಿಜ್ಞಾನಿ ಆನ್ಸೆಲ್ ಕೀಸ್ ವಿಮಾಪಟ್ಟಿಗಳನ್ನು ಕಂಡರೆ ತಿರಸ್ಕಾರವುಳ್ಳವನು. ಐದು ದೇಶಗಳ ಸುಮಾರು 7,400 ಪುರುಷರನ್ನು ಪರೀಕ್ಷಿಸಿ, ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆಯೇ ಇದ್ದುದರಲ್ಲಿ ಉತ್ತಮವೆಂದು 1972ರಲ್ಲಿ ತೀರ್ಮಾನಿಸಿ ಅದಕ್ಕೆ ಈಗ ಎಲ್ಲರ ಬಾಯಲ್ಲಿರುವ ಬಿ.ಎಂ.ಐ. ಎಂಬ ಹೆಸರನ್ನಿಟ್ಟನು. ಜನಸಮುದಾಯಗಳನ್ನು ಹೋಲಿಸಲು ಅದು ತಕ್ಕ ಸಾಧನವೆಂದಷ್ಟೇ ಅವನ ವಾದ. ಲೋಕವು ಅದನ್ನು ಒಬ್ಬೊಬ್ಬರ ಹಣೆಗೂ ಅಂಟಿಸಿತು. ಅಮೆರಿಕದಲ್ಲಿ ಪುರುಷರಿಗೆ 27.8, ಸ್ತ್ರೀಯರಿಗೆ 27.3 ಇದ್ದ ಅತಿಭಾರದ ಗೆರೆಯನ್ನು 1998ರಲ್ಲಿ ಇಬ್ಬರಿಗೂ 25ಕ್ಕೆ ಇಳಿಸಿದಾಗ, ಹಿಂದಿನ ರಾತ್ರಿ ಸಮತೂಕದವರಾಗಿ ಮಲಗಿದ ಎರಡು ಕೋಟಿಗೂ ಮಿಕ್ಕ ಜನರು, ಒಂದು ಚಮಚ ಬೆಣ್ಣೆಯನ್ನೂ ಅಧಿಕವಾಗಿ ತಿನ್ನದೆ, ಬೆಳಗಾಗುವಷ್ಟರಲ್ಲಿ ಅತಿಭಾರದವರಾದರು.

ವಯಸ್ಸನ್ನು ಕೇಳಿದವನೊಬ್ಬನಿದ್ದನು. ಬಾಲ್ಟಿಮೋರಿನ ವಾರ್ಧಕ್ಯ ಸಂಶೋಧನಾಕೇಂದ್ರದ ರೂಬಿನ್ ಆಂಡ್ರೆಸ್ ಎಂಬ ವೈದ್ಯನು, ಯಾವ ವಿಮಾಲೆಕ್ಕಗಳಿಂದ 1983ರ ಪಟ್ಟಿಯನ್ನು ಕಟ್ಟಿದರೋ ಅವೇ ಲೆಕ್ಕಗಳನ್ನು ವಯಸ್ಸಿನ ದಶಕಗಳಾಗಿ ಬಿಡಿಸಿ ನೋಡಿದನು. ಮರಣವು ಕನಿಷ್ಠವಾಗಿರುವ ತೂಕವು ಇಪ್ಪತ್ತರ ಹರೆಯದವರಲ್ಲಿ ಬಿ.ಎಂ.ಐ. 21ರ ಸುಮಾರಿಗೆ ಇದ್ದರೆ, ಅರವತ್ತರ ದಶಕದವರಲ್ಲಿ 26-27ರ ಬಳಿಗೆ ಸರಿದಿತ್ತು. ಸ್ತ್ರೀಪುರುಷರ ನಡುವಣ ವ್ಯತ್ಯಾಸವಾದರೋ ನಗಣ್ಯ. ಪಟ್ಟಿಯನ್ನು ಲಿಂಗದ ಮೇಲೆ ವಿಂಗಡಿಸಿ ವಯಸ್ಸನ್ನು ಕೈಬಿಟ್ಟಿದ್ದರು. ವಯಸ್ಸಿನ ಮೇಲೆ ವಿಂಗಡಿಸಿ ಲಿಂಗವನ್ನು ಕೈಬಿಡಬೇಕಾಗಿತ್ತು ಎಂದು 1985ರಲ್ಲಿ ಅವನು ವಾದಿಸಿದನು. 1990ರ ಅಮೆರಿಕದ ಆಹಾರಸೂತ್ರಗಳು ಇದನ್ನು ಒಪ್ಪಿ ಮೂವತ್ತೈದು ದಾಟಿದವರಿಗೆ ಕೊಂಚ ಹೆಚ್ಚಿನ ತೂಕಕ್ಕೆ ಅವಕಾಶ ಕೊಟ್ಟವು. 1995ರಲ್ಲಿ ಆ ಅವಕಾಶವನ್ನು ಹಿಂತೆಗೆದುಕೊಂಡವು. ವಿರೋಧಿಗಳ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇರಲಿಲ್ಲ: ಧೂಮಪಾನಿಗಳು ತೆಳ್ಳಗಿದ್ದು ಬೇಗ ಸಾಯುತ್ತಾರೆ, ಒಳಗೆ ರೋಗ ಹೊಕ್ಕವರು ಮೊದಲು ಕೃಶರಾಗಿ ಅನಂತರ ಸಾಯುತ್ತಾರೆ, ಆದುದರಿಂದ ಕಾರ್ಶ್ಯವು ವೃಥಾ ಅಪವಾದಕ್ಕೆ ಗುರಿಯಾಗುತ್ತದೆ ಎಂದು ಅವರೆಂದರು. ವಿವಾದ ಮುಗಿದಿಲ್ಲ. ಆದರೆ ಅರವತ್ತೈದು ಮೀರಿದ ಸುಮಾರು ಎರಡು ಲಕ್ಷ ಜನರ ಮೂವತ್ತೆರಡು ಅಧ್ಯಯನಗಳನ್ನು ಒಟ್ಟುಗೂಡಿಸಿ ಆಸ್ಟ್ರೇಲಿಯದ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಬಿ.ಎಂ.ಐ. 23ಕ್ಕಿಂತ ಇಳಿದಂತೆಲ್ಲ ವೃದ್ಧರಿಗೆ ಅಪಾಯವು ಏರುವುದೂ, 25ರ ಗೆರೆಯನ್ನು ದಾಟಿದ ಮಾತ್ರಕ್ಕೆ ಏನೂ ಏರದಿರುವುದೂ ಕಂಡುಬಂದಿತು.

ಇಷ್ಟೆಲ್ಲವೂ ತಕ್ಕಡಿಯ ಒಳಗಿನ ಜಗಳವೇ ಆಯಿತು. ತಕ್ಕಡಿಯಿಂದ ಹೊರಗೆ ಬಂದು ಮನುಷ್ಯನು ಏನು ಮಾಡುತ್ತಾನೆಂದು ನೋಡಿದವನು ಜೆರ್ರಿ ಮಾರಿಸ್. 1910ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ ಗ್ಲಾಸ್ಗೋ ನಗರದ ಬಡತನದಲ್ಲಿ ಬೆಳೆದ ಈ ವೈದ್ಯನಿಗೆ, ಎರಡನೆಯ ಮಹಾಯುದ್ಧದ ತರುವಾಯ ಹೃದಯಾಘಾತವು ಏಕೆ ಇಷ್ಟು ವ್ಯಾಪಕವಾಗುತ್ತಿದೆಯೆಂಬ ಚಿಂತೆ ಹತ್ತಿತು. ಲಂಡನ್ನಿನ ಎರಡಂತಸ್ತಿನ ಕೆಂಪು ಬಸ್ಸುಗಳಲ್ಲಿ ಡ್ರೈವರನೂ ಕಂಡಕ್ಟರನೂ ಒಂದೇ ವರ್ಗದ ಜನರು, ಒಂದೇ ಬೀದಿಗಳಲ್ಲಿ ವಾಸಿಸುವವರು, ಒಂದೇ ಬಸ್ಸಿನಲ್ಲಿ ಒಂದೇ ಹೊಗೆಯನ್ನು ಕುಡಿಯುವವರು. ವ್ಯತ್ಯಾಸವೆಂದರೆ ಒಬ್ಬನು ದಿನವಿಡೀ ಕುಳಿತಿರುವನು, ಇನ್ನೊಬ್ಬನು ಟಿಕೆಟ್ಟು ಹರಿಯುತ್ತ ದಿನಕ್ಕೆ ಐನೂರರಿಂದ ಏಳುನೂರೈವತ್ತು ಮೆಟ್ಟಿಲುಗಳನ್ನು ಹತ್ತಿಳಿಯುವನು. ಬೆಂಗಳೂರಿನಲ್ಲಿ ಎರಡಂತಸ್ತಿನ ಬಸ್ಸು ಓಡುತ್ತಿದ್ದ ಕಾಲವನ್ನು ಕಂಡವರಿಗೆ, ತುಂಬಿದ ಬಸ್ಸಿನ ಆ ಇಕ್ಕಟ್ಟಾದ ಮೆಟ್ಟಿಲ ಮೇಲೆ ಚೀಲ ಹೊತ್ತು ಓಡಾಡುವ ಶ್ರಮ ಎಂಥದೆಂದು ವಿವರಿಸಬೇಕಾಗಿಲ್ಲ. ಮೂವತ್ತೈದರಿಂದ ಅರವತ್ತನಾಲ್ಕು ವಯಸ್ಸಿನ ಸುಮಾರು 31,000 ಸಾರಿಗೆ ನೌಕರರನ್ನು ಕುರಿತು 1953ರಲ್ಲಿ ಮಾರಿಸ್ ಪ್ರಕಟಿಸಿದ ಲೇಖನವು, ಕಂಡಕ್ಟರುಗಳಲ್ಲಿ ಹೃದಯಾಘಾತವು ಡ್ರೈವರುಗಳಿಗಿಂತ ಗಣನೀಯವಾಗಿ ಕಡಿಮೆಯೆಂದೂ, ಬಂದರೂ ಇಳಿವಯಸ್ಸಿನಲ್ಲಿ, ಸೌಮ್ಯವಾದ ರೂಪದಲ್ಲಿ ಬರುವುದೆಂದೂ ತೋರಿಸಿತು. ಓಲೆ ಹಂಚುವ ಅಂಚೆಯವರಿಗೂ ಅದೇ ಇಲಾಖೆಯಲ್ಲಿ ಕುಳಿತು ಬರೆಯುವ ಗುಮಾಸ್ತರಿಗೂ ಇಂಥದೇ ಅಂತರವಿದ್ದಿತು.

ಡ್ರೈವರುಗಳು ದಪ್ಪಗಿರುವುದರಿಂದ ಹೀಗಾಗುತ್ತದೆಂದು ಆಕ್ಷೇಪಿಸಿದವರು ಇಲ್ಲದಿಲ್ಲ. ಅದಕ್ಕೆ ಮಾರಿಸನೂ ಅವನ ಸಹೋದ್ಯೋಗಿಗಳೂ ಹುಡುಕಿದ ದಾರಿ ನನಗೆ ಬಲು ಪ್ರಿಯವಾದದ್ದು: ಸಾರಿಗೆ ಸಂಸ್ಥೆಯು ನೌಕರರಿಗೆ ಸಮವಸ್ತ್ರ ಹೊಲಿಸಿಕೊಡುತ್ತಿದ್ದುದರಿಂದ ಪ್ರತಿಯೊಬ್ಬನ ಷರಾಯಿಯ ಸೊಂಟದಳತೆ ಉಗ್ರಾಣದ ದಫ್ತರದಲ್ಲಿ ನಮೂದಾಗಿತ್ತು, ಅವರು ದರ್ಜಿಯ ಆ ದಫ್ತರವನ್ನೇ ತೆರೆದು ಲೆಕ್ಕಹಾಕಿ 1956ರಲ್ಲಿ ಪ್ರಕಟಿಸಿದರು. ಡ್ರೈವರುಗಳ ಸೊಂಟ ದೊಡ್ಡದೆಂಬುದು ನಿಜವೇ ಆಗಿತ್ತು. ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದೊಡ್ಡದಿದ್ದಿತೆಂಬುದೂ ತಿಳಿಯಬಂದಿತು, ಅದನ್ನು ಸಂಶೋಧಕರು ಮುಚ್ಚಿಡಲಿಲ್ಲ. ಆದರೂ ಸಣಕಲರನ್ನು ತೆಗೆದುಕೊಳ್ಳಿ, ಮಧ್ಯಮರನ್ನು ತೆಗೆದುಕೊಳ್ಳಿ, ಹೊಟ್ಟೆ ಬಂದವರನ್ನು ತೆಗೆದುಕೊಳ್ಳಿ, ಯಾವ ಅಳತೆಯಲ್ಲಿಯೂ ಮೆಟ್ಟಿಲು ಹತ್ತುವವನದೇ ಮೇಲುಗೈ. ಮಾರಿಸ್ ತಾನು ಕಂಡುದನ್ನು ತಾನೇ ಆಚರಿಸಿ, ಈಜಿಯೂ ನಡೆದೂ ತೊಂಬತ್ತೊಂಬತ್ತು ವರ್ಷ ಬಾಳಿ 2009ರಲ್ಲಿ ತೀರಿಕೊಂಡನು.

ಈ ಹೊಳಹನ್ನು ಪ್ರಯೋಗಶಾಲೆಗೆ ತಂದವನು ಅಮೆರಿಕದ ಡಲ್ಲಾಸಿನ ಕೂಪರ್ ಸಂಸ್ಥೆಯ ಸ್ಟೀವನ್ ಬ್ಲೇರ್. ಟ್ರೆಡ್‌ಮಿಲ್ಲಿನ ಮೇಲೆ ನಡೆಸಿ, ಇಳಿಜಾರನ್ನು ಕ್ರಮವಾಗಿ ಏರಿಸಿ, ಸಾಕೆನ್ನುವವರೆಗೆ ಎಷ್ಟು ಹೊತ್ತು ತಡೆದುಕೊಂಡರೆಂಬುದನ್ನು ದೇಹಸಾಮರ್ಥ್ಯದ ಅಳತೆಯಾಗಿ ಹಿಡಿದು, 13,344 ಜನರನ್ನು ವರ್ಷಗಟ್ಟಲೆ ಗಮನಿಸಿ 1989ರಲ್ಲಿ ಅವನು ಪ್ರಕಟಿಸಿದ ಫಲಿತಾಂಶವು ಸಾಮರ್ಥ್ಯ ಕುಂದಿದವರಲ್ಲೇ ಮರಣ ಹೆಚ್ಚೆಂದು ನಿಶ್ಚಯಪಡಿಸಿತು. ಅವನೇ ದಶಕಗಳ ಕಾಲ ನಿತ್ಯವೂ ಓಡಿದವನಾದರೂ ಗಿಡ್ಡ, ಗುಂಡನೆಯ ಮೈಯವನಾಗಿದ್ದು, ಅದನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದನೆಂಬುದು ಪ್ರಕೃತಕ್ಕೆ ಸಲ್ಲದ ಮಾತಲ್ಲ. ನಮ್ಮ ವಿಷಯಕ್ಕೆ ಅತ್ಯಂತ ಹತ್ತಿರವಾದುದು 2007ರಲ್ಲಿ ಅವನ ತಂಡವು ಪ್ರಕಟಿಸಿದ ಲೇಖನ: ಅರವತ್ತು ಮತ್ತು ಮೇಲ್ಪಟ್ಟ ವಯಸ್ಸಿನ 2,603 ಜನರನ್ನು ಸರಾಸರಿ ಹನ್ನೆರಡು ವರ್ಷ ನೋಡಿದಾಗ, ಸೊಂಟದ ಸುತ್ತಳತೆ, ಬಿ.ಎಂ.ಐ., ಮೈಯ ಕೊಬ್ಬಿನ ಪ್ರಮಾಣ ಇವು ಏನೇ ಇರಲಿ, ನಡೆಯುವ ಸಾಮರ್ಥ್ಯವು ಸ್ವತಂತ್ರವಾಗಿ ಆಯುಷ್ಯವನ್ನು ಸೂಚಿಸಿತು. ಡಲ್ಲಾಸಿನ ಆ ಜನರು ಸ್ಥಿತಿವಂತರು, ವಿದ್ಯಾವಂತರು ಎಂಬುದನ್ನು ಮರೆಯತಕ್ಕದ್ದಲ್ಲ. ವಿಮಾಪಟ್ಟಿಗೆ ಹೇಳಿದ ಆಕ್ಷೇಪಣೆಯನ್ನು ಇಲ್ಲಿಯೂ ಹೇಳುವುದು ನ್ಯಾಯ.

ನಮ್ಮವರ ಪ್ರಸಂಗ ಇನ್ನೂ ಜಟಿಲವಾದದ್ದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ಪಕ್ಕಪಕ್ಕದಲ್ಲಿ ನಿಂತ ತಮ್ಮ ಚಿತ್ರವೊಂದನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು: ಇಬ್ಬರ ಬಿ.ಎಂ.ಐ.ಯೂ 22.3; ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಒಬ್ಬರು ಮ್ಯಾರಥಾನ್ ಓಡುವವರು, ಇನ್ನೊಬ್ಬರ ಮುಖ್ಯ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವುದರೊಳಗೆ ಓಡಿ ಸೇರಿಕೊಳ್ಳುವುದೆಂದು ಅವರೇ ವಿನೋದವಾಗಿ ಸೇರಿಸಿದ್ದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯು ಏಷ್ಯದ ಜನರ ವಿಷಯದಲ್ಲಿ 23 ಮತ್ತು 27.5ರ ಗೆರೆಗಳನ್ನೂ ಗಮನಿಸಬೇಕೆಂದು ಸೂಚಿಸಿತು. ಕಡಿಮೆ ತೂಕದಲ್ಲಿಯೇ ಮಧುಮೇಹಕ್ಕೆ ತುತ್ತಾಗುವ ನಮ್ಮ ಮಂದಿಗೆ ಗೆರೆಯನ್ನು ಇಳಿಸಿದ್ದು ಸರಿಯೇ. ಆದರೆ ಮುಪ್ಪಿನಲ್ಲಿ ಮಾಂಸ ಕರಗಿ ಕೊಬ್ಬು ಉಳಿದ ದೇಹವೊಂದು ಆ ಇಳಿದ ಗೆರೆಯ ಕೆಳಗೂ ನಿರಾತಂಕವಾಗಿ ನುಸುಳಿಬಿಡುವುದೆಂಬುದೂ ಅಷ್ಟೇ ಸರಿ.

ಹೀಗೆ ಮಾಂಸ ಕರಗುವ ವಿದ್ಯಮಾನಕ್ಕೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1980ರ ದಶಕದ ಕೊನೆಯಲ್ಲಿ ಸಾರ್ಕೊಪೀನಿಯ ಎಂದು ಹೆಸರಿಟ್ಟನು. ಹೆಸರು ಬರುವವರೆಗೂ ಅದು ವಯೋಧರ್ಮವೆಂದು ಎಲ್ಲರೂ ಸುಮ್ಮನಿದ್ದರು. ವಯೋಧರ್ಮವನ್ನು ಎದುರಿಸಬಹುದೇ ಎಂದು ಪರೀಕ್ಷಿಸಿದವಳು ಮರಿಯಾ ಫಿಯಾಟರೋನ್ ಎಂಬ ವೈದ್ಯೆ. ಬಾಸ್ಟನ್ನಿನ ಹೀಬ್ರೂ ವೃದ್ಧಾಶ್ರಮದಲ್ಲಿ ಎಂಬತ್ತಾರರಿಂದ ತೊಂಬತ್ತಾರು ವರ್ಷದ ಹತ್ತು ಮಂದಿಯನ್ನು ಆಯ್ದುಕೊಂಡು, ಅವರ ತೊಡೆಗಳಿಗೆ ವಾರಕ್ಕೆ ಮೂರು ದಿನದಂತೆ ಎಂಟು ವಾರ ಭಾರ ಎತ್ತುವ ಅಭ್ಯಾಸವನ್ನು ಮಾಡಿಸಿದಳು. ಹಗುರವಾದ ಕೈಕಾಲಾಟವಲ್ಲ, ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ನೂರಕ್ಕೆ ಎಂಬತ್ತರಷ್ಟು. ಬಿದ್ದು ಮೂಳೆ ಮುರಿದುಕೊಂಡವರು, ಹೃದ್ರೋಗವುಳ್ಳವರು, ಕೋಲಿಲ್ಲದೆ ನಡೆಯಲಾರದವರು ತುಂಬಿರುವಂಥ ಆಶ್ರಮದಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕುವುದಕ್ಕೆ ಎಂಟೆದೆ ಬೇಕು. 1990ರಲ್ಲಿ ಪ್ರಕಟವಾದ ಫಲವು ಇದು: ಕೊನೆಯವರೆಗೆ ಅಭ್ಯಾಸ ಮಾಡಿದ ಒಂಬತ್ತು ಜನರಲ್ಲಿ ಕಾಲಿನ ಬಲವು ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತು, ತೊಡೆಯ ಮಾಂಸವು ನೂರಕ್ಕೆ ಸುಮಾರು 9ರಷ್ಟು ಬೆಳೆಯಿತು, ಇಬ್ಬರು ಊರುಗೋಲನ್ನು ಬಿಟ್ಟರು. ಅರ್ಧಶಕ್ತಿಯ ವ್ಯಾಯಾಮವೇ ಹಿತವೆಂದ ನಮ್ಮ ಪ್ರಾಚೀನ ವೈದ್ಯ ವಾಗ್ಭಟನು ಇದನ್ನು ಕೇಳಿದ್ದರೆ ಹುಬ್ಬೇರಿಸುತ್ತಿದ್ದನೋ ಏನೋ; ವೃದ್ಧರು ವ್ಯಾಯಾಮವನ್ನು ಬಿಡತಕ್ಕದ್ದೆಂಬ ಹಳೆಯ ವೈದ್ಯರ ನಿಷೇಧವನ್ನು ಇಷ್ಟು ಕಡಮೆ ಜನರಿಂದ ಇಷ್ಟು ಬಲವಾಗಿ ಅಲುಗಿಸಿದ ಇನ್ನೊಂದು ಪ್ರಯೋಗವನ್ನು ನಾನು ಕಾಣೆ.

ಬಲವನ್ನು ಅಳೆಯುವ ಉಪಾಯಗಳು ಅನಂತರ ಹಲವು ಬಂದಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾಲಯವೂ ಭಾಗಿಯಾಗಿದ್ದ ಹದಿನೇಳು ದೇಶಗಳ ಬೃಹತ್ ಅಧ್ಯಯನವೊಂದು, ಮೂವತ್ತೈದರಿಂದ ಎಪ್ಪತ್ತು ವಯಸ್ಸಿನ ಸುಮಾರು 1,40,000 ಜನರ ಕೈಹಿಡಿತವನ್ನು ಅಳೆದು, ಮುಷ್ಟಿಯ ಬಲವು ಐದು ಕಿಲೋ ಕುಂದಿದರೆ ಮರಣದ ಸಂಭವವು ನೂರಕ್ಕೆ 16ರಷ್ಟು ಏರುವುದೆಂದೂ, ಈ ಸೂಚನೆಯು ರಕ್ತದೊತ್ತಡದ ಸೂಚನೆಗಿಂತ ಪ್ರಬಲವೆಂದೂ 2015ರಲ್ಲಿ ಸಾರಿತು. ಬ್ರೆಜಿಲಿನ ಕ್ಲಾಡಿಯೊ ಅರೌಜೊ ಎಂಬ ವೈದ್ಯನು ಇನ್ನೂ ಸರಳವಾದ ಮಾರ್ಗವನ್ನು ಹಿಡಿದನು: ನೆಲದ ಮೇಲೆ ಕುಳಿತು ಏಳಿರಿ ಎಂದನು. ಕೂರುವುದಕ್ಕೆ ಐದು ಅಂಕ, ಏಳುವುದಕ್ಕೆ ಐದು. ಕೈಯನ್ನೋ ಮಂಡಿಯನ್ನೋ ಊರಿದ ಪ್ರತಿಯೊಂದು ಸಲಕ್ಕೂ ಒಂದು ಅಂಕ ಕಳೆಯತಕ್ಕದ್ದು. ಐವತ್ತೊಂದರಿಂದ ಎಂಬತ್ತು ವಯಸ್ಸಿನ 2,002 ಜನರಲ್ಲಿ ಅಂಕ ಕಡಿಮೆಯಾದಂತೆ ಮರಣ ಹೆಚ್ಚಿತೆಂದು ಅವನ ಸಂಗಡಿಗರು 2012ರಲ್ಲಿ ವರದಿ ಮಾಡಿದರು. ಪಂಕ್ತಿಯಲ್ಲಿ ಮಣೆಯ ಮೇಲೋ ಚಾಪೆಯ ಮೇಲೋ ಕುಳಿತು ಉಂಡು, ಎಲೆಯ ಮುಂದಿನಿಂದ ಎದ್ದು ಕೈತೊಳೆಯಲು ಹೋಗುತ್ತಿದ್ದ ನಮ್ಮ ಹಿರಿಯರು ಈ ಪರೀಕ್ಷೆಯನ್ನು ದಿನಕ್ಕೆರಡು ಬಾರಿ ಬರೆಯುತ್ತಿದ್ದರು. ಮದುವೆಯ ಛತ್ರಗಳಿಗೆ ಮೇಜು ಕುರ್ಚಿಗಳು ಬಂದದ್ದು ಮಂಡಿನೋವಿನವರಿಗೆ ಉಪಕಾರವೇ ಸರಿ, ಆದರೆ ಮಂಡಿ ಗಟ್ಟಿಯಿದ್ದ ಮಿಕ್ಕವರೂ ಆ ಉಪಕಾರವನ್ನು ಸ್ವೀಕರಿಸಿಬಿಟ್ಟರು.

ಇದನ್ನೆಲ್ಲ ಓದಿ ತಕ್ಕಡಿಯನ್ನು ಅಟ್ಟಕ್ಕೆ ಎಸೆಯಲು ಹೊರಡುವ ಉತ್ಸಾಹಿಗಳ ಪಕ್ಷವನ್ನು ನಾನು ವಹಿಸಲಾರೆ. ಅತಿಭಾರವು ಮಂಡಿಯನ್ನು ಸವೆಸುವುದೂ, ಉಸಿರನ್ನು ಕಟ್ಟುವುದೂ, ಮಧುಮೇಹವನ್ನು ಆಹ್ವಾನಿಸುವುದೂ ಸುಳ್ಳಲ್ಲ; ಎಪ್ಪತ್ತರಲ್ಲಿ ಬಯಸದೆ ಇಳಿದ ತೂಕವಂತೂ, ನೆಂಟರು ಮೆಚ್ಚಿ ಮಾತಾಡಿದರೂ, ವೈದ್ಯನು ಕೂಡಲೇ ವಿಚಾರಿಸತಕ್ಕ ಸಂಗತಿ. ತೂಕದ ಸಂಖ್ಯೆಯಿಂದ ಒಂದು ಪ್ರಶ್ನೆ ಏಳಬೇಕು; ಅಲ್ಲಿಂದಲೇ ಉತ್ತರವನ್ನೂ ಓದಿಬಿಟ್ಟುದು ವಿಮಾಸಂಸ್ಥೆಗಳ ಅಭ್ಯಾಸಬಲ. ಪಥ್ಯ ಮಾತ್ರದಿಂದ ತೂಕ ಇಳಿಸುವ ಮುದುಕನು ಕೊಬ್ಬಿನ ಜೊತೆಗೆ ಮಾಂಸವನ್ನೂ ಕಳೆದುಕೊಳ್ಳುತ್ತಾನೆ. ಪಟ್ಟಿಗೆ ಹೊಂದಿದ ಸಂತೋಷದಲ್ಲಿಯೇ ಕುರ್ಚಿಯಿಂದ ಏಳಲಾರದವನಾಗುತ್ತಾನೆ.

ಪಂಡಿತರ ಮಂಡಲಿಯಲ್ಲಿಯೂ ಗಾಳಿ ತಿರುಗಿದಂತೆ ತೋರುತ್ತದೆ. ಅಮೆರಿಕದ ವೈದ್ಯರ ಮಹಾಸಂಘವು ಬಿ.ಎಂ.ಐ. ಒಂದನ್ನೇ ನಂಬಬಾರದೆಂದು 2023ರಲ್ಲಿ ನಿರ್ಣಯ ಮಾಡಿತು. ಲ್ಯಾನ್ಸೆಟ್ ಪತ್ರಿಕಾಸಮೂಹವು ನೇಮಿಸಿದ ತಜ್ಞರ ಆಯೋಗವು 2025ರ ಜನವರಿಯಲ್ಲಿ ಇನ್ನೂ ಮುಂದೆ ಹೋಗಿ, ಸ್ಥೌಲ್ಯವನ್ನು ರೋಗವೆಂದು ಕರೆಯಬೇಕಾದರೆ ಕೊಬ್ಬು ಅಧಿಕವಾಗಿದೆಯೆಂಬುದಷ್ಟೇ ಸಾಲದು, ಅದರಿಂದ ಯಾವುದಾದರೊಂದು ಅಂಗದ ಕಾರ್ಯಕ್ಕೆ ಕುಂದು ಬಂದಿರಬೇಕು, ಇಲ್ಲವೇ ನಡೆಯುವುದು, ಸ್ನಾನ ಮಾಡುವುದು, ಬಟ್ಟೆ ಉಡುವುದು ಮೊದಲಾದ ನಿತ್ಯಕರ್ಮಗಳಿಗೆ, ಆಯಾ ವಯಸ್ಸಿನವರಿಗೆ ಸಹಜವಾದುದಕ್ಕಿಂತ ಮಿಗಿಲಾದ ಅಡಚಣೆ ಒದಗಿರಬೇಕು ಎಂದು ವಿಧಿಸಿತು. ಆ ವರದಿಯಲ್ಲಿ ವಯಸ್ಸಿನ ಹೆಸರು ಬಂದಿದೆ. ಮನುಷ್ಯನು ಏನನ್ನು ಮಾಡಬಲ್ಲನೆಂಬ ವಿಚಾರಣೆಯೂ ಬಂದಿದೆ. ನಮ್ಮ ವಿಮಾ ಅರ್ಜಿಗಳಲ್ಲಿ ಎತ್ತರ, ತೂಕಗಳ ಎರಡು ಖಾಲಿ ಜಾಗಗಳು ಸದ್ಯಕ್ಕೆ ಹಾಗೆಯೇ ಇವೆ.